ದಂಬೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಜೀರ್ಣೋದ್ಧಾರ

ರಾಷ್ಟ್ರೀಯ ಉದ್ಯಾನದೊಳಗೆ ಉಳಿದ ಹಳೇ ಒಕ್ಕಲುಮನೆಗಳನ್ನು ತಿನ್ನುವುದು ಬಹುಪಾಲು ನೀರು. ಸೂರಂಚಿನ ದಂಬೆಯಲ್ಲಿ, ಅಂದರೆ ಮಳೆನೀರು ಹರಿದುಹೋಗುವ ದೋಣಿಯಲ್ಲಿ, ತರಗೆಲೆ ಕಟ್ಟಿಕೊಂಡರೆ ಮಳೆನೀರು ಗೋಡೆಯ ನೆತ್ತಿಗೇ ಇಳಿಯುತ್ತದೆ. ಅಲ್ಲಿ ಕೂತ ತೊಲೆಯ ತುದಿ ಮೆತ್ತಗಾಗುತ್ತದೆ, ಗೆದ್ದಲಿಗೆ ಕರೆಯೋಲೆ ಹೋಗುತ್ತದೆ. ಎಲೆ ಬಾಚಲು ಒಂದು ಏಣಿ, ಒಂದು ಬಕೆಟ್, ಒಬ್ಬ ಆಳು ಸಾಕು. ಆದರೆ ಕೊಳೆತ ಎಲೆಯ ಬಕೆಟ್ ಹಿಡಿದು ನಿಂತವರ ಫೋಟೊ ವಾರ್ಷಿಕ ವರದಿಯ ಮುಖಪುಟಕ್ಕೆ ಒಪ್ಪುತ್ತದೆಯೇ? ಹಾಗಾಗಿ ಶ್ರಮದಾನದ ದಿನ ಎಲ್ಲರ ಕೈಗೂ ಬ್ರಶ್ಶು.

ಬಣ್ಣವೂ ಸುಣ್ಣವಲ್ಲ, ಪ್ಲಾಸ್ಟಿಕ್ ಎಮಲ್ಷನ್. ಸುಣ್ಣವಾದರೆ ಹಾಲಿನಷ್ಟು ತೆಳ್ಳಗೆ ಕಲಸಬೇಕು, ಪ್ರತಿ ಸಲ ಗೋಡೆ ನೆನೆಸಬೇಕು, ಒಂದು ಕೋಟು ಆರಿದ ಮೇಲೆ ಇನ್ನೊಂದರಂತೆ ನಾಲ್ಕೈದು ಬಳಿಯಬೇಕು. ಊಟದ ಹೊತ್ತಿಗೆ ಮುಗಿಯುವ ಬಾಬತ್ತಲ್ಲ. ಎಮಲ್ಷನ್ ಎರಡೇ ಕೋಟು ಬಳಿದರೆ ಮಿಂಚುತ್ತದೆ. ಗೋಡೆಯೊಳಗಿನ ತೇವಕ್ಕೆ ದಾರಿ ಮುಚ್ಚಿ, ಬೊಕ್ಕೆಯೆದ್ದು ಸುಲಿಯುತ್ತದೆ. ಮುಂದಿನ ಶ್ರಮದಾನಕ್ಕೂ ಕೆಲಸ ಸಿಕ್ಕಿತಲ್ಲ!

ಸಂದು ತುಂಬುವ ತಂಡದ ಹುರುಪು ಇನ್ನೂ ಘನವಾದದ್ದು. ಕಲ್ಲುಗಳ ನಡುವೆ ಇದ್ದದ್ದು ಸುಣ್ಣದ ಗಾರೆ: ತಿಂಗಳುಗಟ್ಟಲೆ ನೀರಿನಡಿ ಹದಗೊಂಡ ಸುಣ್ಣ ಒಂದು ಪಾಲು, ಒರಟು ಮರಳು ಮೂರು ಪಾಲು. ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಒದ್ದೆ ಗೋಣಿ ಹೊದಿಸಿ ವಾರವಾದರೂ ಕಾಯದಿದ್ದರೆ ಬೇಗ ಒಣಗಿ ಪುಡಿಪುಡಿ. ಅಷ್ಟು ಕಾಯುವವರಾರು? ಬಂತು ಸಿಮೆಂಟ್ ಚೀಲ. ಮೊದಲು ಸಂದಿನಿಂದ ಆರಿಹೋಗುತ್ತಿದ್ದ ತೇವ ಈಗ ಕಲ್ಲಿನ ಮೈಯಿಂದಲೇ ಹೊರಡಬೇಕು. ಜತೆಗೆ ಬಂದ ಉಪ್ಪು ಕಲ್ಲಿನ ಸಣ್ಣ ರಂಧ್ರಗಳಲ್ಲಿ ಹರಳುಗಟ್ಟಿ ಮೇಲ್ಮೈಯನ್ನು ಪದರಪದರವಾಗಿ ಉದುರಿಸುತ್ತದೆ. ಮೆದುಗಲ್ಲಾದರಂತೂ ಕಲ್ಲು ಸವೆದು ಒಳಗೆ ಸರಿದು, ಸಿಮೆಂಟಿನ ಬಲೆಯೊಂದೇ ಎದ್ದು ನಿಲ್ಲುತ್ತದೆ. ಮನೆ ಹೋದರೇನು, ದುರಸ್ತಿ ಉಳಿಯಿತು.

ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎನ್ನುತ್ತದೆ ಹಳೇ ಕಟ್ಟಡಗಳ ಸಂರಕ್ಷಣೆಗೆಂದು ಬಂದ ಅಂತರರಾಷ್ಟ್ರೀಯ ನಿಯಮಾವಳಿ, 1964ರ ವೆನಿಸ್ ಸನ್ನದು. ನಮ್ಮ ಜೀರ್ಣೋದ್ಧಾರ ಸಮಿತಿ ಶುರುಮಾಡುವುದೇ ಅಲ್ಲಿಂದ. ಕಡೆಯ ಒಕ್ಕಲು ಹೊದಿಸಿದ ತಗಡು, ಅಡುಗೆಮನೆಗೆ ಹಾಸಿದ ಲಿನೋಲಿಯಂ ‘ಪಾರಂಪರಿಕವಲ್ಲ’ ಎಂದು ಹೊರಗೆ. ಆ ಅಂಗಳ ಎಂದೂ ಕಾಣದ ಗಾಡಿಚಕ್ರ ಒಳಗೆ. ಈ ಚಾಳಿಗೇ ಒಂದು ಪರಂಪರೆಯಿದೆ ಬಿಡಿ. ಅಮೆರಿಕದಲ್ಲಿ 1934ರಲ್ಲಿ ಗ್ರೇಟ್ ಸ್ಮೋಕಿ ಮೌಂಟನ್ಸ್ ಉದ್ಯಾನವಾದ ಮೇಲೆ ಕೇಡ್ಸ್ ಕೋವ್ ಕಣಿವೆಯಲ್ಲಿ ಜನ ವಾಸವಿದ್ದ ಹೊಸಕಾಲದ ಹಲವು ಹಲಗೆ ಮನೆಗಳನ್ನು ಕೆಡವಿ, ಹಳೇ ದಿಮ್ಮಿ ಮನೆಗಳನ್ನೇ ಮುಂದು ಮಾಡಿದರು. ಒಕ್ಕಲೆದ್ದವರು ಮರಳಿ ಬಂದರೆ, ತಾವು ಯಾವ ಕಾಲದಲ್ಲಿ ಬದುಕಿದ್ದೆವೆಂದು ಅಲ್ಲಿ ನೋಡಿ ತಿಳಿದುಕೊಳ್ಳಬೇಕು.

ದಂಬೆಯೇ? ಅದಕ್ಕೆ ಏಣಿ ಬೇಕು. ಸ್ವಯಂಸೇವಕರ ವಿಮೆಗೆ ಏಣಿ ಆಗಿಬರುವುದಿಲ್ಲ. ಏಣಿ ಹತ್ತಬಲ್ಲ ಗುತ್ತಿಗೆದಾರನಿಗೆ ಟೆಂಡರ್ ಕರೆಯಬೇಕು, ಟೆಂಡರಿಗೆ ಸೋರಿಕೆಯ ವರದಿ ಬೇಕು, ವರದಿ ಬರೆಯುವವರು ಏಣಿ ಹತ್ತಿ ನೋಡಬೇಕು. ಅಷ್ಟರಲ್ಲಿ ದಂಬೆಯ ಎಲೆಗೊಬ್ಬರದಲ್ಲಿ ಸಸಿಯೊಂದು ಎದ್ದು ಬೇರನ್ನು ಗೋಡೆಗಿಳಿಸಿರುತ್ತದೆ. ಉದ್ಯಾನದೊಳಗೆ ಗಿಡ ಕೀಳುವುದು ಅಪರಾಧ.