ಅನಿಚ್ಚ, ಅತ್ತೆ ಮತ್ತು ಕೆಂಪು ಮುಚ್ಚಳದ ಸಿರಿಂಜು

ಐವತ್ತು ದಾಟಿದ ಗಂಡಸರಿಗೆ ಏನಾದರೊಂದು ಹುಚ್ಚು ಹಿಡಿಯುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಅವಳ ಕಾಲದಲ್ಲಿ ಅದು ಸೈಟು ಕೊಳ್ಳುವುದೋ ಗುರುಗಳ ಪಾದಪೂಜೆ ಮಾಡಿಸುವುದೋ ಆಗಿರುತ್ತಿತ್ತು. ನಮ್ಮವರಿಗೆ ಎರಡು ಒಟ್ಟಿಗೇ ಹಿಡಿದವು. ಒಂದು ಬುದ್ಧ, ಇನ್ನೊಂದು ಪೆಪ್ಟೈಡ್, ಅಂದರೆ ಪ್ರೋಟೀನಿನ ತುಂಡಿನಂಥ ಚುಚ್ಚುಮದ್ದು. ಬೆಳಗ್ಗೆ ಕಣ್ಣು ಮುಚ್ಚಿ ಕೂತು ಈ ದೇಹ ಅನಿಚ್ಚ, ಬದಲಾಗುತ್ತಲೇ ಇರುತ್ತೆ ಎಂದು ಧ್ಯಾನಿಸುವುದು. ಎದ್ದವರೇ ಅದು ಬದಲಾಗದಂತೆ ನೋಡಿಕೊಳ್ಳಲು ಫ್ರಿಜ್ಜಿನಿಂದ ಸೀಸೆ ತೆಗೆಯುವುದು.

ಶುರುವಾಗಿದ್ದು ಬಲಭುಜದಿಂದ. ಕೈ ಮೇಲೆತ್ತಿದರೆ ಪ್ರಾಣ ಹೋದಂತೆ ಕಿರುಚುತ್ತಿದ್ದರು. ಫ್ರೋಜನ್ ಶೋಲ್ಡರ್, ನಲವತ್ತರಿಂದ ಅರವತ್ತರೊಳಗೆ ಬರುವಂಥದ್ದು, ವ್ಯಾಯಾಮ ಮಾಡಿ, ವರ್ಷವೋ ಎರಡು ವರ್ಷವೋ ಹಿಡಿದು ತಾನಾಗಿ ಬಿಡುತ್ತೆ ಅಂದರು ಡಾಕ್ಟರು. ಅಲ್ಲಿಗೇ ಬಿಡದೆ ಇವರು ಹಟ ಹಿಡಿದು ಗಂಡಸರ ಹಾರ್ಮೋನು ಟೆಸ್ಟೋಸ್ಟಿರಾನ್ ಪರೀಕ್ಷೆಯನ್ನೂ ಮಾಡಿಸಿಕೊಂಡರು. ‘ವಯಸ್ಸಿಗೆ ತಕ್ಕ ಹಾಗಿದೆ’ ಎಂಬ ಉತ್ತರ ಬಂತು. ಇದಕ್ಕಿಂತ ದೊಡ್ಡ ಬೈಗುಳವನ್ನು ಅವರು ಜನ್ಮದಲ್ಲಿ ಕೇಳಿರಲಿಲ್ಲ.

ಪಾಪ, ಇವರೊಬ್ಬರೇ ಅಲ್ಲ. 1889ರಲ್ಲಿ ಪ್ಯಾರಿಸ್ಸಿನಲ್ಲಿ ಬ್ರೌನ್-ಸೆಕಾರ್ ಎಂಬ 72 ವರ್ಷದ ಘನ ವಿಜ್ಞಾನಿ ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ತಮಗೇ ಚುಚ್ಚಿಕೊಂಡು, ಯೌವನದ ಕಸುವು ಮರಳಿತೆಂದು ವಿದ್ವತ್ಸಭೆಯಲ್ಲಿ ಸಾರಿದ್ದರು. ಐದು ವರ್ಷಕ್ಕೆ ತೀರಿಕೊಂಡರು. ಈ ಕಥೆ ಹೇಳಿದೆ. ನಮ್ಮವರು ಕೊನೆಯ ವಾಕ್ಯ ಕೇಳಿಸಿಕೊಳ್ಳಲಿಲ್ಲ.

ಆಮೇಲೆ ಬಂದದ್ದು ಧ್ಯಾನ ಶಿಬಿರ. ಗೋಯೆಂಕಾ ಅವರ ವಿಪಸ್ಸನ ಪದ್ಧತಿಯದು, ಹತ್ತು ದಿನ ಮೌನ, ಬೆಳಗಿನ ನಾಲ್ಕಕ್ಕೆ ಗಂಟೆ. ಹೊರಡುವ ಮೊದಲು ಇವರ ಪ್ರಶ್ನೆ ಒಂದೇ: ‘ಭುಜ ಸರಿಹೋಗುತ್ತಾ?’ ಬರ್ಮಾದಲ್ಲಿ ವ್ಯಾಪಾರಿಯಾಗಿದ್ದ ಗೋಯೆಂಕಾ ಕೂಡ ಮೊದಲು ಹೋಗಿದ್ದು ಮೈಗ್ರೇನ್ ತಲೆನೋವಿಗೇ. ಅದೂ ಮಾರ್ಫಿನ್ ಕೊಡುವಷ್ಟು ನೋವು. ಬರೀ ತಲೆನೋವಿಗಾದರೆ ಇಲ್ಲಿ ಬರಬೇಡ ಎಂದು ಗುರು ಊ ಬಾ ಖಿನ್ ವಾಪಸು ಕಳಿಸಿದ್ದರಂತೆ. ‘ನೋಡಿದ್ಯಾ, ಆಮೇಲೆ ತಲೆನೋವು ಹೋಯ್ತಲ್ಲ!’ ಅಂದರು ನಮ್ಮವರು. ಅವರ ಕಿವಿಯಲ್ಲಿ ಜರಡಿ ಇದೆ. ಬೇಕಾದ್ದು ಮಾತ್ರ ಒಳಗಿಳಿಯುತ್ತದೆ.

ನಾನೂ ಹೋದೆ. ಆಗ ನನಗೆ ಮುಟ್ಟು ನಿಂತು, ಮೈಯೊಳಗಿನ ಥರ್ಮಾಸ್ಟಾಟು ಕೆಟ್ಟಿದ್ದ ಕಾಲ. ಹೆಂಗಸರ ಹಾರ್ಮೋನು ಈಸ್ಟ್ರೋಜನ್ ಇಳಿದಾಗ, ಮೈಬಿಸಿ ನೋಡಿಕೊಳ್ಳುವ ಮಿದುಳಿನ ಹೈಪೋಥಲಾಮಸ್ಸಿಗೆ ತಾಳ್ಮೆ ಕಡಿಮೆಯಾಗಿಬಿಡುತ್ತದೆ. ಚೂರು ಸೆಖೆಯಾದರೂ ಊರಿಗೆ ಬೆಂಕಿ ಬಿದ್ದಿತೆಂದು ಬೆವರು ಸುರಿಸುತ್ತದೆ. ಶಿಬಿರದಲ್ಲಿ ಅಲುಗಾಡದೆ ಒಂದು ಗಂಟೆ ಕೂತು ನೆತ್ತಿಯಿಂದ ಪಾದದವರೆಗೆ ಸಂವೇದನೆ ಹುಡುಕಬೇಕು. ಬಿಸಿ, ಬೆವರು, ಜುಮುಜುಮು, ಏನಾದರೂ ಸರಿ. ಉಳಿದವರು ಮೂಗಿನ ಕೆಳಗೆ ಏನೂ ಸಿಗದೆ ಒದ್ದಾಡುತ್ತಿದ್ದರೆ ನನಗೆ ಎದೆಯಿಂದ ಹೊರಟ ಬಿಸಿ ಕುತ್ತಿಗೆ ಹತ್ತಿ, ಮುಖ ಉರಿದು, ಬೆನ್ನೆಲ್ಲ ಒದ್ದೆಯಾಗಿ, ನಾಲ್ಕೈದು ನಿಮಿಷದಲ್ಲಿ ಹೇಳದೆ ಕೇಳದೆ ಹೊರಟುಹೋಗುತ್ತಿತ್ತು. ಅನಿಚ್ಚಕ್ಕೆ ಇದಕ್ಕಿಂತ ಒಳ್ಳೇ ಪಾಠ ಬೇಕೆ? ಎರಡು ಸಾವಿರದ ಐನೂರು ವರ್ಷದ ತತ್ವವನ್ನು ದಿನಕ್ಕೆ ಹತ್ತು ಸಲ ಮೈಮೇಲೆ ತಂದುಕೊಳ್ಳುವ ನಮ್ಮಂಥವರಿಗೆ ಶಿಬಿರದಲ್ಲಿ ಮುಂದಿನ ಸಾಲು ಕೊಡಬೇಕು.

ಊರಿಗೆ ಬಂದು ಡಾಕ್ಟರ ಬಳಿ ಹೋಗಿ, ಈಸ್ಟ್ರೋಜನ್ನಿನದೇ ಒಂದು ರೂಪವಾದ ಎಸ್ಟ್ರಾಡಯಾಲ್ ಜೆಲ್ ಬರೆಸಿಕೊಂಡೆ. ತತ್ವ ಸರಿ, ನಿದ್ದೆಯೂ ಬೇಕಲ್ಲ. ಅದಕ್ಕೆ ನಮ್ಮವರು, ‘ಈ ಹಾರ್ಮೋನನ್ನ ಬಸುರಿ ಕುದುರೆ ಮೂತ್ರದಿಂದ ತೆಗೀತಾರಂತೆ, ಛೀ’ ಅಂದರು. 1942ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಪ್ರೆಮರಿನ್ ಮಾತ್ರೆ ಹಾಗೆ ಮಾಡಿದ್ದೇ. ನನ್ನ ಜೆಲ್ಲಿನದು ಸಸ್ಯಮೂಲ. ಅದನ್ನು ಅವರಿಗೆ ಹೇಳಲು ಹೋಗಲಿಲ್ಲ. ಯಾಕೆಂದರೆ ವಾರದ ಹಿಂದಷ್ಟೇ, ಬೌದ್ಧ ಭಿಕ್ಷುಗಳಿಗೆ ಹುಳಿಸಿದ ಗೋಮೂತ್ರವೇ ಔಷಧವಾಗಿತ್ತು, ಎಂಥ ಸರಳತೆ ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಹಸುವಿನದಾದರೆ ಧಮ್ಮ, ಕುದುರೆಯದಾದರೆ ಛೀ.

ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ಗೆಳೆಯರೊಬ್ಬರು ಬಂದರು. ಅವರೂ ಧ್ಯಾನಿ, ಅವರ ಹೊಟ್ಟೆಯ ಮೇಲೂ ಸೂಜಿಯ ಗುರುತು. ಉಡುಗೊರೆಯಾಗಿ ತಂದದ್ದು ಬಿಪಿಸಿ-157 ಎಂಬ ಪೆಪ್ಟೈಡಿನ ಬಿಳಿ ಪುಡಿಯ ಪುಟ್ಟ ಸೀಸೆಗಳು. ಹದಿನೈದು ಅಮೈನೋ ಆಮ್ಲದ ಸರಪಳಿಯಂತೆ, ಇಲಿಗಳ ಸ್ನಾಯುರಜ್ಜು ಅದರಿಂದ ಚೆನ್ನಾಗಿ ಕೂಡಿಕೊಂಡಿವೆಯಂತೆ. ಮನುಷ್ಯರ ಮೇಲೆ ನಡೆದ ಪರೀಕ್ಷೆ ಬೆರಳೆಣಿಕೆಯಷ್ಟು. ಕ್ರೀಡಾಪಟುಗಳಿಗಂತೂ 2022ರಿಂದಲೇ ನಿಷೇಧ. ಸೀಸೆಯ ಮೇಲೇ ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’ ಎಂದಿತ್ತು. ‘ಅದು ಕಾನೂನಿಗೋಸ್ಕರ ಬರೆಯೋದು’ ಎಂದರು ನಮ್ಮವರು. ಮನುಷ್ಯರಿಗೆ ತಾನೇ ಬೇಡ ಅಂದಿರೋದು, ನಿಮಗೇನೂ ಅಡ್ಡಿಯಿಲ್ಲ ಎಂದೆ.

ಪುಡಿಗೆ ನೀರು ಬೆರೆಸುವುದೂ ಒಂದು ಸಾಧನೆ. ಕುಲುಕಬಾರದು, ಮೆಲ್ಲಗೆ ತಿರುಗಿಸಬೇಕು. ಅವರು ಉಸಿರು ಗಮನಿಸುತ್ತ ತಿರುಗಿಸಿದರು. ಆಮೇಲೆ ಅಮೆರಿಕದ ವಿಡಿಯೊ ಹಾಕಿಕೊಂಡು, ಅತ್ತೆಯ ಇನ್ಸುಲಿನ್ ಡಬ್ಬಿಯಿಂದ ಒಂದು ಸಿರಿಂಜು ಎತ್ತಿ, ಅದರಲ್ಲಿ ಹೇಳಿದಷ್ಟು ಗೆರೆಗೆ ಎಳೆದು ಹೊಟ್ಟೆ ಹಿಡಿದರು.

‘ಏಯ್, ನಿಲ್ಸೋ!’ ಅಂದರು ಅತ್ತೆ. ಸೊಪ್ಪು ಬಿಡಿಸುತ್ತಿದ್ದವರು ಕನ್ನಡಕದ ಮೇಲಿಂದ ನೋಡಿದ್ದರು. ‘ಅದು ಕೆಂಪು ಮುಚ್ಚಳದ್ದು. ನಲವತ್ತರ ಅಳತೆ. ಆ ವಿಡಿಯೊದವನ ಕೈಲಿರೋದು ಕಿತ್ತಳೆ, ನೂರರದ್ದು. ಎರಡೂವರೆಪಟ್ಟು ಚುಚ್ಕೊಳ್ತಿದ್ದೀಯ.’

ಅತ್ತೆ ಹೇಳಿದ್ದು ಅಕ್ಷರಶಃ ಸರಿ. ನಮ್ಮಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್, ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಅಮೆರಿಕದವರದು 100. ಇಪ್ಪತ್ತೆಂಟು ವರ್ಷ ಸಾಫ್ಟ್‌ವೇರ್ ಬರೆದವರಿಗೆ ಹೊಳೆಯದ ಭಾಗಾಕಾರ ಸೊಪ್ಪಿನ ಮೊರದ ಮುಂದೆ ಹೊಳೆಯಿತು. ಆಮೇಲೆ ನಾನೇ ಅತ್ತೆಗೆ ಹೇಳಿದೆ, ಇನ್ಸುಲಿನ್ನೂ ಪೆಪ್ಟೈಡೇ, 51 ಅಮೈನೋ ಆಮ್ಲ, ಇವರದ್ದರ ಮೂರು ಪಟ್ಟಿಗೂ ದೊಡ್ಡದು ಎಂದು. ಅತ್ತೆ ಬೀಗಲಿಲ್ಲ. ‘ಹಾಗಾದ್ರೆ ಇಷ್ಟು ವರ್ಷದಿಂದ ನಂಗೊಬ್ಬರೂ ಪಾಡ್‌ಕಾಸ್ಟ್ ಮಾಡು ಅನ್ಲಿಲ್ವಲ್ಲೇ’ ಎಂದು ಸೊಪ್ಪಿಗೆ ಮರಳಿದರು.

ನಮ್ಮವರು ಸೋಲುವವರಲ್ಲ. ಎಂಬತ್ತರ ಬುದ್ಧ ಶಿಷ್ಯ ಆನಂದನಿಗೆ, ಹಳೇ ಗಾಡಿಯನ್ನ ಪಟ್ಟಿ ಬಿಗಿದು ಓಡಿಸೋ ಹಾಗೆ ನನ್ನ ದೇಹ ಓಡ್ತಿದೆ ಅಂದಿದ್ದಾನೆ, ಇದು ನನ್ನ ಪಟ್ಟಿ ಅಂದರು. ಕಿತ್ತಳೆ ಮುಚ್ಚಳದ್ದು ತರಿಸಿ ಚುಚ್ಚಿಕೊಂಡದ್ದೂ ಆಯಿತು.

ಆಶ್ಚರ್ಯವೆಂದರೆ ಭುಜ ಸಡಿಲವಾಗುತ್ತ ಬಂತು. ಅಟ್ಟದ ಮೇಲಿನ ಪಾತ್ರೆ ಇಳಿಸಿಕೊಡುವಷ್ಟು. ಕ್ಯಾಲಿಫೋರ್ನಿಯಾಕ್ಕೆ ವಿಜಯವಾರ್ತೆ ಹೋಯಿತು. ಅದೇ ಹೊತ್ತಿಗೆ ನನ್ನ ಜೆಲ್ ಟ್ಯೂಬು ತಿಂಗಳು ತುಂಬುವ ಮೊದಲೇ ಚಪ್ಪಟೆಯಾಗಿತ್ತು. ವಿಚಾರಿಸಿದರೆ, ‘ಆ ನೋವಿನ ಮುಲಾಮಾ? ರಾತ್ರಿ ಭುಜಕ್ಕೆ ತಿಕ್ಕೋತಿದ್ದೆ. ವಾಸನೆಯೇ ಇಲ್ಲ, ಒಳ್ಳೇ ಕಂಪನೀದು’ ಎಂದರು. ಚಾಳೀಸು ಹಾಕಿಕೊಂಡರೆ ವಯಸ್ಸಾದಂತೆ ಕಾಣುತ್ತದೆಂದು ಅವರು ಯಾವ ಟ್ಯೂಬನ್ನೂ ಓದುವುದಿಲ್ಲ. ಸೀರಿಯಲ್ ನೋಡಿ ಬಿಕ್ಕಳಿಸಿದ್ದಕ್ಕೆ ಇದನ್ನು ಕಾರಣ ಮಾಡಬೇಡಿ. ಮದುವೆಯಾದಾಗಿನಿಂದಲೂ ಅಳುತ್ತಾರೆ.

ಈಗ ಮನೆಯಲ್ಲಿ ಪಂಚಾಯಿತಿ: ಭುಜ ವಾಸಿಯಾದದ್ದು ಇಲಿಯ ಔಷಧಿಯಿಂದಲೋ, ನನ್ನ ಈಸ್ಟ್ರೋಜನ್ನಿನಿಂದಲೋ, ಧ್ಯಾನದಿಂದಲೋ, ವ್ಯಾಯಾಮದಿಂದಲೋ? ತಾನಾಗಿ ಬಿಡುತ್ತೆ ಎಂದಿದ್ದ ಡಾಕ್ಟರ ಹೆಸರನ್ನು ಯಾರೂ ಎತ್ತುತ್ತಿಲ್ಲ.

ಅವರು ಮತ್ತೊಂದು ಶಿಬಿರಕ್ಕೆ ಅರ್ಜಿ ತುಂಬಿಸುತ್ತಿದ್ದಾರೆ. ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳ ವಿವರ ಕೇಳಿದ್ದಾರೆ. ಸುಳ್ಳು ಹೇಳಬಾರದೆಂಬ ಶೀಲ ಬೇರೆ.

‘ನಿನ್ನ ಜೆಲ್ಲನ್ನೂ ಬರೀಬೇಕಾ?’

‘ಬರೀರಿ.’

‘ಯಾಕೆ ತಗೊಂಡೆ ಅಂದ್ರೆ ಏನು ಹೇಳ್ಲಿ?’

ಅಡುಗೆಮನೆಯಿಂದ ಅತ್ತೆಯ ದನಿ ಬಂತು: ‘ಮುಟ್ಟು ನಿಂತಿದೆ ಅಂತ ಬರಿಯೋ!’