ಎರಡು ಬ್ರಾಕೆಟ್‌ಗೆ ಇಷ್ಟೊಂದು ಮಾತು ಬೇಕಿತ್ತಾ

ಇಲ್ಲ, ಯಾರಾದ್ರೂ ಹೇಳ್ರಪ್ಪಾ, ನಮ್ ಟೆಸ್ಟ್‌ಗಳಲ್ಲಿ ಒಂದು ಫಂಕ್ಷನ್ ಇದೆ, ಕೊಟ್ಟಿದ್ದೆಲ್ಲಾ ಪೇಜ್‌ನಲ್ಲಿ ಇದೆಯಾ ಅಂತ ಲೂಪ್ ಹಾಕಿ ಒಂದೊಂದಾಗಿ ಹುಡುಕುತ್ತೆ. ಚೆಕ್ ಮಾಡೋದು ಒಂದೇ ಒಂದು ಸ್ಟ್ರಿಂಗ್ (ಅಕ್ಷರಗಳ ಸಾಲು) ಆದ್ರೂ, ಅದಕ್ಕೂ ಲಿಸ್ಟ್ ಮಾಡಿ ಬ್ರಾಕೆಟ್ ಒಳಗೆ ಕೂರಿಸೇ ಕಳಿಸ್ಬೇಕಂತೆ. ಫಂಕ್ಷನ್‌ನಲ್ಲಿ ಆರ್ಗ್ಯುಮೆಂಟ್ (ಅದಕ್ಕೆ ಕೊಡೋ ಮಾಹಿತಿಯ ಹೆಸರು) ಮುಂದೆ ಒಂದು ಸ್ಟಾರ್ (*) ಹಾಕಿದ್ರೆ ಮುಗೀತು, ಒಂದು ಕೊಟ್ರೂ ಸರಿ ಹತ್ತು ಕೊಟ್ರೂ ಸರಿ, ಪೈಥಾನ್ ತಾನೇ ಎಲ್ಲಾ ಸೇರಿಸಿ ಟಪಲ್ ಅನ್ನೋ ಪಟ್ಟಿ ಮಾಡ್ಕೊಳ್ಳುತ್ತೆ. ಅಷ್ಟೇ ನಾನು ಮಾಡಿದ್ದು. ಈ ಫಂಕ್ಷನ್ ಬಳಸೋ ಹಳೇ ಸಾಲುಗಳನ್ನೂ ಅದೇ ಪಿಆರ್‌ನಲ್ಲಿ (ಈ ಬದಲಾವಣೆ ಸೇರಿಸ್ಕೊಳ್ಳಿ ಅಂತ ಕಳಿಸೋ ಕೋರಿಕೆ) ತಿದ್ದಿದ್ದೆ, ಎಲ್ಲಾದ್ರೂ ಒಂದು ಲಿಸ್ಟ್ ಉಳಿದಿದ್ರೂ ಟೈಪ್‌ಎರರ್ ಬಂದು ಅಲ್ಲೇ ಬೀಳುತ್ತೆ, ಸುಮ್ನೆ ಪಾಸ್ ಆಗಲ್ಲ.

ನಮ್ ಲೀಡ್ ಸಾರ್ ಏನ್ ಮಾಡಿದ್ರು ಗೊತ್ತಾ? ಟೀಮ್ ಪೂರ್ತಿ ಇರೋ ಕಾಲ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿ, ಆ ಸ್ಟಾರ್ ಸುತ್ತ ಕರ್ಸರ್ ತಿರುಗಿಸ್ತಾ ತಿರುಗಿಸ್ತಾ, "ಏನಮ್ಮಾ, ಎರಡು ಬ್ರಾಕೆಟ್ ಟೈಪ್ ಮಾಡಕ್ಕೆ ಕೈ ನೋಯುತ್ತಾ?" ಅಂದ್ರು. ಒಬ್ಬ ಮ್ಯೂಟ್ ತೆಗೆದು ನಕ್ಕ. ಮ್ಯೂಟ್ ತೆಗೆದು! ನಗೋಕೇ ಅಂತ ಮೈಕ್ ಆನ್ ಮಾಡಿದಾನೆ ಪುಣ್ಯಾತ್ಮ. ನಾನು "ಸಾರ್ ಅದು ಹಂಗಲ್ಲ" ಅನ್ನೋಷ್ಟ್ರಲ್ಲಿ "ನೆಕ್ಸ್ಟ್" ಅಂದ್ರು, ಕರ್ಸರ್ ಇನ್ನೂ ನನ್ನ ಹೆಸರಿನ ಮೇಲೇ ಇತ್ತು.

ಮಾತಾಡಕ್ಕೆ ಬಿಟ್ಟಿದ್ರೆ ಪೇಮೆಂಟ್ ಟೆಸ್ಟ್ ತೋರಿಸ್ತಿದ್ದೆ. ಅಲ್ಲಿ ಯಾರೋ ಬ್ರಾಕೆಟ್ ಮರೆತು ಬರೀ 'ಪೇಯ್ಡ್' ಅಂತ ಸ್ಟ್ರಿಂಗ್ ಕೊಟ್ಟಿದಾರೆ. ಲೂಪ್‌ಗೇನು ಗೊತ್ತು ಪಾಪ, ಒಂದೊಂದೇ ಅಕ್ಷರ ಎತ್ಕೊಂಡು ಹುಡುಕುತ್ತೆ, ಪಿ ಇದೆಯಾ ಇದೆ, ಎ ಇದೆಯಾ ಇದೆ, ಐ, ಡಿ ಅವೂ ಇವೆ. ಪೇಜ್‌ನಲ್ಲಿ ಬಂದಿರೋದು 'ಪೇಮೆಂಟ್ ಫೇಲ್ಡ್'! ಇಂಗ್ಲಿಷ್ ಸ್ಪೆಲಿಂಗ್ ಬರ್ಕೊಂಡು ನೋಡಿ, ನಾಲ್ಕೂ ಅದರೊಳಗೇ ಸಿಗುತ್ತೆ. ದುಡ್ಡು ಕಟ್ಟಾಗಿಲ್ಲ, ಟೆಸ್ಟ್ ಮಾತ್ರ ಹಸಿರು, ಅಂದ್ರೆ ಪಾಸ್. ಖಾಲಿ ಲಿಸ್ಟ್ ಕೊಟ್ರಂತೂ ಲೂಪೇ ಓಡಲ್ಲ, ಅದೂ ಹಸಿರು. (ಸ್ಟಾರ್ ಹಾಕಿ ಏನೂ ಕೊಡದಿದ್ರೂ ಇದೇ ಕಥೆ, ಅದಕ್ಕೇ ಮೊದಲನೇ ಸಾಲಲ್ಲೇ ಒಂದು ಚೆಕ್ ಹಾಕಿದ್ದೆ, ಓದಿದ್ರೆ ತಾನೇ.)

ಹೋಗ್ಲಿ ಬಿಡಿ, ನಮ್ಮಪ್ಪನ ಮನೆ ಗಂಟೇನ್ ಹೋಗ್ಬೇಕು, ಸಂಬಳ ಬರುತ್ತೆ. ಒಂದು ಸ್ಟಾರ್‌ಗೋಸ್ಕರ ನಿದ್ದೆಗೆಟ್ಟು ಕೂತಿರೋ ಮಹಾತಾಯಿ ಇಡೀ ಬೆಂಗಳೂರಲ್ಲಿ ನಾನೊಬ್ಳೇ ಇರ್ಬೇಕು. ಆದ್ರೆ ಯಾಕ್ರೀ ಬಿಡ್ಲಿ? "ಈಗ ಬೇಡ" ಅಂತ ಎರಡೇ ಪದ ಬರೆದು ಪಿಆರ್ ಕ್ಲೋಸ್ ಮಾಡಿದಾರೆ. ಈಗ ಬೇಡ ಅಂದ್ರೆ ಯಾವಾಗ ಸಾರ್, ಕಸ್ಟಮರ್ ಫೋನ್ ಮಾಡಿ ಉಗಿದ್ಮೇಲಾ?

ನಾಳೆ ಆ ಪೇಮೆಂಟ್ ಟೆಸ್ಟ್‌ನಲ್ಲಿ ಅವರ ಪ್ರೀತಿಯ ಬ್ರಾಕೆಟ್ಟೇ ಹಾಕಿ ಕಳಿಸ್ತೀನಿ. ಆಗ ಇಡೀ ಪದ ಹುಡುಕಿ, ಸಿಗದೆ ಟೆಸ್ಟ್ ಕೆಂಪಾಗುತ್ತೆ. ಆಗ ಇದೇ ಕಾಲ್‌ನಲ್ಲಿ, ಇಷ್ಟು ದಿನ ಸರಿ ಇದ್ದ ಟೆಸ್ಟ್ ಮುರಿದಿದ್ದು ಯಾರು ಅಂತ ಕೇಳ್ತಾರೆ, ನೋಡ್ತಿರಿ.