ಹುಡುಕಿದ್ದಕ್ಕೂ ಕೂಲಿ ಕೊಡೋಣ

ಹಳೆ ಗಾಡಿ ಇಟ್ಟುಕೊಂಡಿರುವವರಿಗೆ ಮೆಕ್ಯಾನಿಕ್‌ಗಳ ಕೂಲಿ ಬಗ್ಗೆ ಒಂದು ಮಾತು ಹೇಳಬೇಕು. ಸ್ವಲ್ಪ ಉದ್ದ ಆಗುತ್ತೆ, ಆದರೂ ಓದಿ.

ನಮ್ಮದು 2004ರ ಟಿಟಿ, ಅಂದರೆ ಟೆಂಪೋ ಟ್ರಾವೆಲರ್. ಹಿಂದಿನ ಸೀಟು ತೆಗೆಸಿ ಮಂಚ, ಒಲೆ, ಸಣ್ಣ ಫ್ರಿಜ್ ಹಾಕಿಸಿದ್ದೇವೆ. ಮಂಚದ ಕೆಳಗೆ ಎರಡನೇ ಬ್ಯಾಟರಿ, ಮೇಲೆ ಸೋಲಾರ್ ಪ್ಲೇಟು. ರಜೆ ಸಿಕ್ಕರೆ ಸಾಕು, ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಡುತ್ತೇವೆ. ಬೀದರ್ ಕೋಟೆ, ಬಸವಕಲ್ಯಾಣ, ಮಳಖೇಡ, ಚಿಂಚೋಳಿ ಕಾಡು, ಎಲ್ಲಾ ಮಕ್ಕಳು ನೋಡಿದ್ದು ಇದರಲ್ಲೇ.

ಒಂದು ವರ್ಷದಿಂದ ಇದಕ್ಕೆ ಒಂದು ರೋಗ ಹತ್ತಿತ್ತು. ಒಮ್ಮೊಮ್ಮೆ ಕೀ ತಿರುಗಿಸಿದರೆ ಟಕ್ ಅಂತ ಸದ್ದು ಬರೋದು, ಅಷ್ಟೇ. ಸೆಲ್ಫ್, ಅಂದರೆ ಇಂಜಿನ್ ಚಾಲೂ ಮಾಡುವ ಮೋಟಾರು, ತಿರುಗುತ್ತಿರಲಿಲ್ಲ. ಹತ್ತು ನಿಮಿಷ ಬಿಟ್ಟು ನೋಡಿದರೆ ಏನೂ ಆಗಿಲ್ಲ ಅನ್ನೋ ಹಾಗೆ ಚಾಲೂ ಆಗೋದು. ಒಂದು ಅಂಗಡಿಯವರು ಬ್ಯಾಟರಿ ಹೋಗಿದೆ ಅಂದರು. ಹೊಸದು ಹಾಕಿಸಿದೆ. 15 ದಿನ ಚೆನ್ನಾಗಿತ್ತು. ಇನ್ನೊಂದು ಅಂಗಡಿಯವರು ಸೆಲ್ಫ್ ಬಿಚ್ಚಿ ಕಾರ್ಬನ್ ಬ್ರಷ್, ಸೊಲೆನಾಯ್ಡ್ ಬದಲಿಸಿದರು. ಆಮೇಲೆ ಕೀ ಸ್ವಿಚ್ಚೂ ಬದಲಾಯಿತು. ಒಟ್ಟು 14,000 ರೂಪಾಯಿ ಹೋಯಿತು. ರೋಗ ಇದ್ದಲ್ಲೇ ಇತ್ತು.

ಹೋದ ತಿಂಗಳು ಸನ್ನತಿಗೆ ಹೋಗಿದ್ದೆವು. ಚಂದ್ರಲಾಂಬೆಯ ದರ್ಶನ ಮಾಡಿ, ಕನಗನಹಳ್ಳಿಯ ಸ್ತೂಪ ನೋಡಿ, ರಾತ್ರಿ ಗಾಡಿಯಲ್ಲೇ ಮಲಗಿದೆವು. ಮುಂಜಾನೆ ಮತ್ತೆ ಅದೇ ಟಕ್. ಈ ಸಲ ಅರ್ಧ ತಾಸು ಕಾದರೂ ಚಾಲೂ ಆಗಲಿಲ್ಲ. ಬಿಸಿಲು ಏರುತ್ತಿತ್ತು. ಒಳಗೆ ವಯಸ್ಸಾದ ನನ್ನ ತಾಯಿ ಕೂತಿದ್ದರು. ಊರಿನ ಏಳೆಂಟು ಹುಡುಗರು ಓಡಿ ಬಂದು ತಳ್ಳಿ ಚಾಲೂ ಮಾಡಿಕೊಟ್ಟರು. ಅವರು ಚಹಾಕ್ಕೂ ದುಡ್ಡು ತಗೊಳ್ಳಲಿಲ್ಲ.

ಕಲಬುರಗಿಗೆ ಬಂದ ಮೇಲೆ ಗೆಳೆಯನೊಬ್ಬ ಹುಮನಾಬಾದ್ ರಿಂಗ್ ರೋಡಿನ ಕಡೆ ಇರುವ ಒಬ್ಬ ಚಾಚಾ ಹತ್ತಿರ ಕಳಿಸಿದ. ಬೇವಿನ ಗಿಡದ ಕೆಳಗೆ ಒಂದು ತಗಡಿನ ಶೆಡ್ಡು, ಅಷ್ಟೇ ಅವರ ಅಂಗಡಿ. ನಾನು ಸೆಲ್ಫ್ ಬಗ್ಗೆ ಹೇಳೋಕೆ ಶುರು ಮಾಡಿದೆ. "ತಡೀರಿ, ಮೊದಲ ಮೀಟರ್ ಹಚ್ಚಿ ನೋಡ್ತೀನಿ" ಅಂದರು.

ವೋಲ್ಟ್ ಅಳೆಯುವ ಆ ಮೀಟರಿನಲ್ಲಿ ಬ್ಯಾಟರಿ 12.6 ವೋಲ್ಟ್ ತೋರಿಸಿತು. ಅಂದರೆ ಪೂರ್ತಿ ಚಾರ್ಜ್ ಇದೆ. "ಈಗ ಸೆಲ್ಫ್ ಹೊಡೀರಿ" ಅಂದರು. ಹೊಡೆದೆ. ಟಕ್. ಆಗಲೂ ಬ್ಯಾಟರಿ 12ರ ಕೆಳಗೆ ಇಳಿಯಲಿಲ್ಲ. ಬ್ಯಾಟರಿ ಸತ್ತಿದ್ದರೆ ಆ ಹೊಡೆತಕ್ಕೆ ಎಂಟೋ ಒಂಬತ್ತೋ ಆಗಿಬಿಡಬೇಕಿತ್ತು. ಆಮೇಲೆ ಮೀಟರಿನ ಒಂದು ವೈರು ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ನಿನ ಮೈಗೆ ಹಿಡಿದು ಮತ್ತೆ ಹೊಡೆಯಲು ಹೇಳಿದರು. 5 ವೋಲ್ಟ್ ಬಂತು. ಅದು ಕಾಲು ವೋಲ್ಟಿನ ಆಸುಪಾಸಿಗಿಂತ ಜಾಸ್ತಿ ಇರಬಾರದಂತೆ. ಸೆಲ್ಫ್‌ಗೆ ಸಿಗಬೇಕಾದ 12ರಲ್ಲಿ 5 ದಾರಿಯಲ್ಲೇ ಹೋಗುತ್ತಿತ್ತು.

"ಈ ಕೇಬಲ್ ಮುಟ್ರಿ" ಅಂದರು. ಆಕ್ಸಿಲರೇಟರ್ ಕೇಬಲ್. ಮುಟ್ಟಿದರೆ ಬಿಸಿ! ಇಂಜಿನ್ ಪೂರ್ತಿ ತಣ್ಣಗಿತ್ತು, ಅದು ಇನ್ನೂ ಚಾಲೂ ಕೂಡ ಆಗಿರಲಿಲ್ಲ.

"ಅರ್ಥ್ ಹೋಗ್ಯಾದ. ಕರೆಂಟ್ ಹೊಳ್ಳಿ ಹೋಗ್ಲಿಕ್ಕೆ ದಾರಿ ಸಿಗಲಾರದೆ ಇದರಾಗ ನುಗ್ಗಲತ್ತದ."

ಅರ್ಥ್ ಅಂದರೆ ಕರೆಂಟು ಬ್ಯಾಟರಿಯ ಮೈನಸ್‌ಗೆ ವಾಪಸು ಹೋಗುವ ದಾರಿ. ಗಾಡಿ ಕೆಳಗೆ ಮಲಗಿ ಅರ್ಥ್ ಪಟ್ಟಿ ಬಿಚ್ಚಿ ತಂದರು. ಚಾಸಿಗೂ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ಇಂಜಿನ್ನಿಗೂ ನಡುವೆ ಇರುವ, ತಾಮ್ರದ ಎಳೆಗಳನ್ನು ಜಡೆ ಹೆಣೆದ ಹಾಗೆ ಹೆಣೆದ ಪಟ್ಟಿ ಅದು. ಮೇಲಿಂದ ಸರಿಯಾಗೇ ಕಾಣುತ್ತಿತ್ತು. ಬೋಲ್ಟಿನ ಕೆಳಗಿನ ಲಗ್, ಅಂದರೆ ಪಟ್ಟಿಯ ತುದಿಯ ಲೋಹದ ಬಿಲ್ಲೆ, ಮಾತ್ರ ಹಸಿರು ಹಿಡಿದಿತ್ತು. ಬೆರಳಲ್ಲಿ ಒತ್ತಿದರೆ ಎಳೆಗಳು ಪುಡಿ ಪುಡಿಯಾಗಿ ಉದುರಿದವು. ಗಟ್ಟಿಯಾಗಿ ಉಳಿದದ್ದು ನಾಲ್ಕೋ ಐದೋ ಎಳೆ. ಡೀಸೆಲ್ ಗಾಡಿಯ ಸೆಲ್ಫ್ 200 ಆಂಪಿಯರಿಗಿಂತ ಜಾಸ್ತಿ ಎಳೆಯುತ್ತೆ. ಅದು ಅಷ್ಟು ಎಳೆಯಲ್ಲಿ ಹೇಗೆ ಹೋಗಬೇಕು? ಲೈಟು, ಹಾರ್ನಿನ ಅರ್ಥ್ ಗಾಡಿಯ ಬಾಡಿಯಲ್ಲೇ ಇರುತ್ತೆ, ಈ ಪಟ್ಟಿಯ ಮೂಲಕ ಬರೋದಿಲ್ಲ. ಅದಕ್ಕೇ ಅವೆಲ್ಲ ಚೆನ್ನಾಗಿದ್ದವು, ನಮಗೆ ಗೊತ್ತೇ ಆಗಲಿಲ್ಲ.

ಚಾಸಿಯ ಮೇಲಿನ ತುಕ್ಕನ್ನು ಪಾಲಿಶ್ ಪೇಪರಿನಲ್ಲಿ ತಿಕ್ಕಿ ಬಿಳಿ ಲೋಹ ಕಾಣೋ ತನಕ ಬಿಡಲಿಲ್ಲ. ಹೊಸ ಪಟ್ಟಿ ಹಾಕಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದರು. ಸೆಲ್ಫ್ ಹೊಡೆದ ಕೂಡಲೇ ಚಾಲೂ.

ಎಷ್ಟು ಅಂತ ಕೇಳಿದೆ. "350 ಕೊಡ್ರಿ. ಪಟ್ಟಿಗೆ 250, ಹಾಕಿದ್ದಕ್ಕ 100." ಮತ್ತೆ ಒಂದು ತಾಸು ಹುಡುಕಿದ್ದಕ್ಕೆ? "ಅದಕ್ಕ ಯಾರ್ ಕೊಡ್ತಾರ್ರಿ?" ಅಂದರು.

ಆ ಮಾತು ನನ್ನನ್ನು ಬಿಟ್ಟಿಲ್ಲ. ಅಂಗಡಿಯವರು ಸುಮ್ನೆ ಪಾರ್ಟ್ ಬದಲಿಸುತ್ತಾರೆ ಅಂತ ನಾವೆಲ್ಲ ದೂರುತ್ತೇವೆ ಅಲ್ವಾ? ಹಾಗೆ ಕಲಿಸಿದ್ದು ನಾವೇ. ಹೊಸ ಸೆಲ್ಫ್ ಹಾಕಿದರೆ ತಕರಾರಿಲ್ಲದೆ ಸಾವಿರಗಟ್ಟಲೆ ಎಣಿಸಿ ಕೊಡುತ್ತೇವೆ, ಯಾಕೆಂದರೆ ಹಳೆಯದು ಕೈಯಲ್ಲಿ ಕಾಣುತ್ತೆ. ಕಾದ ನೆಲದ ಮೇಲೆ ಮಲಗಿ ತಪ್ಪು ಎಲ್ಲಿದೆ ಅಂತ ಹುಡುಕಿದವರಿಗೆ "ಒಂದು ವೈರ್ ಹಾಕಿದ್ದಕ್ಕೆ ಇಷ್ಟ್ಯಾಕೆ" ಅಂತೀವಿ. ಹೀಗಾದರೆ ಮೀಟರ್ ಹಿಡಿಯುವವರ ಹೊಟ್ಟೆ ತುಂಬೋದು ಹೇಗೆ? ಅವರೂ ನಾಳೆ ಪಾರ್ಟ್ ಬದಲಿಸೋಕೆ ಶುರು ಮಾಡುತ್ತಾರೆ. ನಾನು 1,000 ಕೊಟ್ಟೆ. ಬೇಡ ಬೇಡ ಅಂದರೂ ಕೈಯಲ್ಲಿಟ್ಟೆ.

ಅವರು ಅಷ್ಟಕ್ಕೇ ಬಿಡಲಿಲ್ಲ. ಹಿಂದಿನ ವೈರಿಂಗನ್ನೂ ನೋಡಿದರು. ಮುಂದಿನ ಬ್ಯಾಟರಿಯಿಂದ ಮಂಚದ ಕೆಳಗಿನ ಬ್ಯಾಟರಿಗೆ ಹೋಗುವ ದಪ್ಪ ವೈರಿಗೆ ಎಲ್ಲೂ ಫ್ಯೂಸ್ ಇರಲಿಲ್ಲ. ನೆಲದ ಮ್ಯಾಟಿನ ಕೆಳಗೆ ಅದು ಸವೆದು ಗಾಡಿಯ ಬಾಡಿಯ ಲೋಹಕ್ಕೆ ತಾಗಿದ್ದರೆ ಕೆಂಪಗೆ ಕಾದು ಮ್ಯಾಟಿಗೆ ಬೆಂಕಿ ಹತ್ತುತ್ತಿತ್ತು. ಅದರ ಮೇಲೆ ನನ್ನ ಮಕ್ಕಳು ಮಲಗುತ್ತಿದ್ದರು. ಫ್ಯೂಸ್ ಇರೋದು ಫ್ರಿಜ್ ಕಾಪಾಡೋಕೆ ಅಂತ ನಾನು ತಿಳಿದಿದ್ದೆ. ಅದು ವೈರನ್ನು ಕಾಪಾಡೋಕೆ ಇರೋದು. ಹಾಗಾಗಿ ಬ್ಯಾಟರಿಯಿಂದ ಗೇಣು ದೂರದೊಳಗೇ ಇರಬೇಕು, ಎರಡೂ ಬ್ಯಾಟರಿ ಕಡೆ. ದಯವಿಟ್ಟು ಇವತ್ತೇ ನಿಮ್ಮ ಗಾಡಿ ನೋಡಿ. ಸುಟ್ಟ ಫ್ಯೂಸಿನ ಜಾಗಕ್ಕೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದರೆ ತೆಗೆದು ಬಿಸಾಕಿ.

ಹಿಂದಿನ ಬ್ಯಾಟರಿ ಮೂರೇ ದಿನಕ್ಕೆ ಇಳಿಯುತ್ತಿತ್ತು, ಅದೂ ಸಿಕ್ಕಿತು. ಎಲ್ಲಾ ಆಫ್ ಮಾಡಿ ಮೀಟರನ್ನು ಸಾಲಿನಲ್ಲಿ, ಅಂದರೆ ಬ್ಯಾಟರಿಯ ವೈರು ಬಿಚ್ಚಿ ನಡುವೆ, ಸೇರಿಸಿ ಒಂದೊಂದೇ ಫ್ಯೂಸ್ ತೆಗೆದರು. ಇನ್ವರ್ಟರಿನದು ತೆಗೆದ ಕೂಡಲೇ ಮುಕ್ಕಾಲು ಆಂಪಿಯರ್ ಇಳಿಯಿತು. ಏನೂ ಹಚ್ಚದಿದ್ದರೂ ಅದು ದಿನಕ್ಕೆ 18 ಆಂಪಿಯರ್-ಅವರ್ ತಿನ್ನುತ್ತಿತ್ತು. ಮೂರು ದಿನಕ್ಕೆ 100ರ ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಖಾಲಿ. ಈಗ ಅದಕ್ಕೊಂದು ಸ್ವಿಚ್ ಇದೆ. ಹೀಗೆ ನೀವೇ ನೋಡುವುದಾದರೆ ಮೀಟರ್ ಸಾಲಿನಲ್ಲಿರುವಾಗ ಸೆಲ್ಫ್ ಮಾತ್ರ ಹೊಡೆಯಬೇಡಿ, ಮೀಟರ್ ಸುಟ್ಟುಹೋಗುತ್ತೆ.

ನಮ್ಮ ಕಡೆಯ ಬಿಸಿಲಿಗೆ ಬ್ಯಾಟರಿ ನೀರು ಬೇಗ ಆರುತ್ತೆ. ಮುಚ್ಚಳ ಇರುವ ಬ್ಯಾಟರಿಯಾದರೆ ಬೇಸಿಗೆಯಲ್ಲಿ 15 ದಿನಕ್ಕೊಮ್ಮೆ ತೆಗೆದು ನೋಡಿ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ.

ಹೊರಡುವಾಗ ಚಾಚಾ ಬಾನೆಟ್ಟಿನ ಒಳಗೆ ಬಿಳಿ ಟೇಪ್ ಅಂಟಿಸಿ ಪೆನ್ನಿನಲ್ಲಿ ಬರೆದರು. ಇಂಜಿನ್ ನಿಂತಾಗ 12.6 ವೋಲ್ಟ್, ಚಾಲೂ ಇದ್ದಾಗ 14.1, ಅರ್ಥ್ 0.1, ಕೆಳಗೆ ತಾರೀಖು. "ಮುಂದ ಯಾರ ಹತ್ರ ಹೋದರೂ ಇದು ತೋರಸ್ರಿ" ಅಂದರು.

ಬೀದರ್, ಯಾದಗಿರಿ ಕಡೆ ಹೀಗೆ ಮೊದಲು ಮೀಟರ್ ಹಿಡಿದು ನೋಡುವವರು ನಿಮಗೆ ಗೊತ್ತಿದ್ದರೆ ಯಾವ ಊರು, ಯಾವ ರಸ್ತೆ ಅಂತ ತಿಳಿಸಿ. ದೀಪಾವಳಿ ರಜೆಗೆ ಆ ಕಡೆ ಬರುತ್ತಿದ್ದೇವೆ.